ಎಂಟನೆಯ ಗರಡಿ

ನನ್ನ ವಯಸ್ಸು ನಲವತ್ತೊಂದು, ಮಂಡಿಯದು ಅರವತ್ತು —
ತರಗತಿ ಶುರುವಾಗುವ ಮುನ್ನ ಇದನ್ನು ಹೇಳಿ ನಗಿಸುತ್ತೇನೆ,
ಹತ್ತೊಂಬತ್ತು ವರ್ಷದಿಂದ ಇದೇ ಜೋಕು.
ಈ ತಿಂಗಳು ಮಾತ್ರ ನಾನು ಕಲಿಸುವವಳಲ್ಲ.
ಮಾಲೀಕ ಕ್ಸಾವೆರಿ ಕೈಗೊಂದು ಪಟ್ಟಿ ಕೊಟ್ಟಿದ್ದಾನೆ:
ಊರಲ್ಲಿ ಹೊಸದಾಗಿ ಎದ್ದ ಗರಡಿಗಳಿಗೆಲ್ಲ ಹೋಗು, ಯಾಗ್ನಾ,
ಬೆವರು ನಿನ್ನದು, ದುಡ್ಡು ನನ್ನದು,
ಯಾವುದು ಓಡುತ್ತದೆ ಯಾವುದು ಕುಂಟುತ್ತದೆ ಬರೆದುಕೊಂಡು ಬಾ.

ಹೋದೆ.
ಒಂದರಲ್ಲಿ ಒದ್ದೆ ಜಾಕೀಟು ತೊಡಿಸಿ ಕರೆಂಟು ಹರಿಸಿದರು.
ಇಪ್ಪತ್ತು ನಿಮಿಷ ನನ್ನ ತೊಡೆ ನನ್ನ ಮಾತು ಕೇಳದೆ
ಪಟಾಕಿಗೆ ಬೆದರಿದ ನಾಯಿಯಂತೆ ನಡುಗಿತು.
ಒಂದರಲ್ಲಿ ಕತ್ತಲು. ಕತ್ತಲಲ್ಲಿ ಮೂವತ್ತು ಸೈಕಲ್ಲು,
ಎಲ್ಲಿಗೂ ಹೋಗದ ಮೂವತ್ತು ಸೈಕಲ್ಲು,
ಮೇಣದ ಬತ್ತಿಯ ಪಕ್ಕ ಹುಡುಗನೊಬ್ಬ ಕಿರುಚುತ್ತಿದ್ದ:
ನಿಮ್ಮ ಮಾಜಿ ಗಂಡನನ್ನು ಹಿಂದೆ ಹಾಕಿ!
(ನಾನು ಹಾಕಲಿಲ್ಲ. ಪಾಪ, ಅವನಿಗೆ ಸೊಂಟನೋವು.)
ಇನ್ನೊಂದರಲ್ಲಿ ಸೂರಿಗೆ ಕಟ್ಟಿದ ಜೋಲಿಯಲ್ಲಿ
ಬಾವಲಿಯ ಹಾಗೆ ತಲೆಕೆಳಗು ತೂಗಿ
ಕಿಸೆಯ ಟ್ರಾಮ್ ಟಿಕೇಟು ಕಳೆದುಕೊಂಡೆ.
ಮತ್ತೆಲ್ಲೋ ಗೋಡೆಗನ್ನಡಿಯ ಒಳಗಿಂದ
ಬೇರೆ ಖಂಡದ ಹೆಂಗಸೊಬ್ಬಳು ಭೇಷ್ ಭೇಷ್ ಅಂದಳು,
ಆಗ ನಾನು ನೀರು ಕುಡಿಯುತ್ತ ಕೂತಿದ್ದೆ.
ಬರೆದುಕೊಂಡೆ: ಟವೆಲು ಚೆನ್ನಾಗಿದೆ.
ಎದೆಬಡಿತ ನೂರಾ ಅರವತ್ತೆರಡು.
ಯಾರೂ ಯಾರ ಹೆಸರೂ ಕೇಳಲಿಲ್ಲ.

ಎಂಟನೆಯದು ಹಳೆಯ ಗಿರಣಿಯ ಬಣ್ಣದ ಮನೆಯಲ್ಲಿ.
ಕೆಂಪಿಟ್ಟಿಗೆ ಹಾಗೇ ಬಿಟ್ಟಿದ್ದಾರೆ, ಅದನ್ನೂ ಸೇರಿಸಿ ಶುಲ್ಕ.
ಸಾಲಾಗಿ ಹದಿನಾಲ್ಕು ಹುಟ್ಟು ಹಾಕುವ ಯಂತ್ರ,
ಒಂದೊಂದರ ಮುಂದೂ ಗಾಜಿನ ಡಬರಿ, ಡಬರಿಯಲ್ಲಿ ನೀರು.
ಎಳೆದರೆ ಸುತ್ತುತ್ತದೆ,
ಎಳೆದಷ್ಟೂ ಸುತ್ತುತ್ತದೆ, ಇದ್ದಲ್ಲೇ.

ನಮ್ಮೂರಿನ ಹೆಸರು ವೂಚ್. ವೂಚ್ ಅಂದರೆ ದೋಣಿ.
ದೋಣಿಯೆಂಬ ಊರಲ್ಲಿ ದೋಣಿ ಬಿಡುವಷ್ಟು ನದಿಯಿಲ್ಲ;
ಇದ್ದಬದ್ದ ಹೊಳೆಗಳನ್ನು ಮುತ್ತಜ್ಜಂದಿರೇ
ಕೊಳವೆಗೆ ತುರುಕಿ ಮೇಲೆ ಬೀದಿ ಹಾಸಿದರು.

ಬೆಳಗಿನ ಆರಕ್ಕೆ ಅಲ್ಲಿದ್ದವಳು ನಾನೊಬ್ಬಳು,
ನೆಲ ಒರೆಸುತ್ತಿದ್ದ ಗೆನೋವೆಫಾ ಇನ್ನೊಬ್ಬಳು.
ಎಪ್ಪತ್ತರ ಹತ್ತಿರ. ಬೆನ್ನು ನೆಟ್ಟಗೆ. ಬಲ ಭುಜ ಮಾತ್ರ
ಎಡಕ್ಕಿಂತ ಎರಡು ಬೆರಳು ಕೆಳಗೆ.
ನೋಡಬಾರದೆಂದರೂ ನೋಡುತ್ತೇನೆ, ಕಸುಬಿನ ಚಟ.
ಏನೆತ್ತುತ್ತಿದ್ದಿರಿ? ಎಂದೆ.
ಒದ್ದೆ ಬಟ್ಟೆ, ಅಂದಳು. ಇಲ್ಲೇ. ಈ ಮೂಲೆಯಲ್ಲೇ ತೊಟ್ಟಿ.
ಇಪ್ಪತ್ತೆರಡು ವರ್ಷ. ಆಚೆ ಮೋರಿಯ ನೀರು ನೋಡಿ
ವಾರ ಹೇಳುತ್ತಿದ್ದೆವು: ನೀಲಿಯಾದರೆ ಸೋಮವಾರ,
ಇಟ್ಟಿಗೆಗೆಂಪಾದರೆ ಗುರುವಾರ, ಸಂಬಳದ ದಿನ.

ಕೂರಿ ಒಂದು ಸಲ, ಎಂದೆ.
ಏಪ್ರನ್ನಿಗೆ ಕೈ ಒರೆಸಿಕೊಂಡು ಕೂತಳು.
ಪಾದದ ಪಟ್ಟಿ ಬಿಗಿಯುತ್ತಿದ್ದಂತೆ ಬಾಯಿ ತಾನೇ ಶುರುಹಚ್ಚಿತು:
ಮೊದಲು ಕಾಲು, ಆಮೇಲೆ ಬೆನ್ನು, ಕಡೆಗೆ ತೋಳು —
ಗೊತ್ತು, ಅಂದಳು. ತೋಳಿಂದ ಎತ್ತಿದವರು
ಮೂವತ್ತಕ್ಕೇ ಮನೆ ಸೇರಿದರು.

ಹನ್ನೆರಡು ಸಲ ಎಳೆದಳು. ನಿಲ್ಲಿಸಿದಳು.
ಗಾಜಿನೊಳಗೆ ತಿರುಗುತ್ತ ತಿರುಗುತ್ತ ನೀರು ಸುಮ್ಮನಾಗುವ ತನಕ
ಬಗ್ಗಿ ನೋಡಿದಳು.
ಬಣ್ಣವೇ ಇಲ್ಲವಲ್ಲ, ಅಂದಳು.
ಆಮೇಲೆ: ಎಷ್ಟು ದೂರ ಬಂದೆ?
ಪರದೆ ನೋಡಿ ಹೇಳಿದೆ, ಎಂಬತ್ತೊಂದು ಮೀಟರು.
ಹಾಗಾದರೆ ಗೇಟಿನ ಹತ್ತಿರ ಇದ್ದೇನೆ,
ಎಂದು ಎದ್ದು ಬಕೀಟು ತೆಗೆದುಕೊಂಡಳು.
ಬಕೀಟಿನ ನೀರಿಗೆ ನಮ್ಮೆಲ್ಲರ ಶೂಗಳ ಬಣ್ಣ.

ಟ್ರಾಮಿನಲ್ಲಿ ನಿಂತೇ ಬಂದೆ.
ಪಟ್ಟಿಯಲ್ಲಿ ಎಂಟರ ಮುಂದೆ ಓಡುತ್ತದೆ ಎಂದು ಬರೆದೆ,
ಅದು ನಿಜ; ಹದಿನಾಲ್ಕು ಸೀಟೂ ಮುಂದಿನ ತಿಂಗಳ ತನಕ ಭರ್ತಿ.
ಹಾಳೆಯ ಹಿಂದೆ, ಕ್ಸಾವೆರಿಗೆ ಬೇಡದ್ದು:
ಮಂಗಳವಾರ ಐದೂವರೆ. ಬಲ ಭುಜ.
ರಬ್ಬರ್ ಪಟ್ಟಿ ಮರೆಯದೆ ಒಯ್ಯುವುದು, ಮೆತ್ತನೆಯದು.