ಹೊಸ ಕಲ್ಲು: ಸೊನ್ನೆ

ಬೇಳದ ಅಂಗನವಾಡಿ ಕೆಡವಬೇಕೆಂದು
ಪಂಚಾಯತಿನ ಠರಾವು. ಎಸ್ಟಿಮೇಟು ಮಲೆಯಾಳದಲ್ಲಿ,
ಅಂದುಂಞಿ ಮೇಸ್ತ್ರಿಯ ಬೈಗುಳ ಬ್ಯಾರಿಯಲ್ಲಿ, ಲೆಕ್ಕ ತುಳುವಿನಲ್ಲಿ.
ನಾನು ನನ್ನ ಡೈರಿಯಲ್ಲಿ ಕನ್ನಡದಲ್ಲಿ ಬರೆದುಕೊಂಡೆ:
ಮುರಕಲ್ಲಿನ ಗೋಡೆ, ಒಂದೂಕಾಲು ಅಡಿ ದಪ್ಪ,
ಪಗ್ಗು ತಿಂಗಳಲ್ಲೂ ಒಳಗೆ
ಮಕ್ಕಳ ಅಂಗಾಲು ತಣ್ಣಗೆ.

ಜೆಸಿಬಿಗೆ ಒಂದು ದಿನ ಸಾಕು, ಅಂದ ಕಂತ್ರಾಟುದಾರ.
ಒಡೆದದ್ದನ್ನು ಹಳೆಯ ಕೋರೆಯ ಗುಂಡಿಗೆ ಸುರಿದರಾಯಿತು,
ಅಲ್ಲೇ ಆಚೆಯ ಕೋರೆಯಿಂದ ಹೊಸ ಕಲ್ಲು.
ಒಂದು ಗುಂಡಿ ತುಂಬಲು ಇನ್ನೊಂದು ಗುಂಡಿ.
ಲೆಕ್ಕ ಸರಿಯಾಗಿಯೇ ಇತ್ತು.

ಮೇಸ್ತ್ರಿಗೆ ಕೇಳಿಸಲಿಲ್ಲ. ಅಥವಾ ಕೇಳಿಸಿಯೂ
ಬೀಡಿಯ ಹೊಗೆ ಬಿಟ್ಟ.
ಉಳಿಯ ಮೂತಿಯನ್ನು ಸಂದಿಗಿಟ್ಟು
ಎರಡು ಪೆಟ್ಟು, ಜೋರಲ್ಲ,
ಮಲಗಿದವರ ಬಾಗಿಲು ಬಡಿದಂತೆ.
ಕಲ್ಲು ಇಡಿಯಾಗಿ ಅಂಗೈಗೆ ಬಂತು.

'ಚಿಪ್ಪುಸುಣ್ಣ, ಓವರ್ಸಿಯರಕ್ಕಾ. ಕುಂಬಳೆಯ ಹೊಳೆಬಾಯಿಯದು.
ಬೆಲ್ಲದ ನೀರು, ಗುಳಮಾವಿನ ತೊಗಟೆ.
ಹಿಡಿಯುವಾಗ ಹಿಡಿಯುತ್ತದೆ,
ಬಿಡು ಅಂದಾಗ ಬಿಡುತ್ತದೆ.
ಸಿಮೆಂಟಿಗೆ ಆ ಮರ್ಯಾದೆ ಇಲ್ಲ.
ಹೋಗುವಾಗ ಕಲ್ಲಿನ ಮುಖವನ್ನೇ ಕಿತ್ತುಕೊಂಡು ಹೋಗುತ್ತದೆ.'

ಕಂತ್ರಾಟುದಾರನ ಕಡೆ ನೋಡಿದೆ.
ಅವನು ಫೋನಿನ ಕಡೆ ನೋಡಿದ.
ಜೆಸಿಬಿ ಬರುವುದು ಬೇಡ ಅಂದೆ.

ಹದಿನೇಳು ದಿನ.
ಬಾಗಿಯೂ ಅವಳ ನಾದಿನಿ ಪುಷ್ಪಲತೆಯೂ
ಗೆರಟೆಯ ಚೂಪಿನಿಂದ ಗಾರೆ ಕೆರೆದು
ಹತ್ತತ್ತರಂತೆ ಅಟ್ಟಿ ಹಾಕಿದರು.
ಒಡೆದವು ಅಡಿಪಾಯಕ್ಕೆ.
ಪುಡಿಯಾದದ್ದನ್ನು ಜರಡಿ ಹಿಡಿದು
ಮಣ್ಣಿಗೆ ಬೆರೆಸಿ ಒಳಗೋಡೆಗೆ.
ಹಂಚುಗಳನ್ನು ನಾನೇ ಎಣಿಸಿದೆ,
ಸ್ಲಾಬಿನ ಹೊಟ್ಟೆಯಲ್ಲಿ ಜೋಡಿಜೋಡಿಯಾಗಿ ಮಲಗಿಸಲು.
ಅಷ್ಟು ಕಾಂಕ್ರೀಟು ಕಡಿಮೆ, ಅಷ್ಟು ಸೆಕೆ ಕಡಿಮೆ.
ಮಕ್ಕಳು ಅಲ್ಲಿಯವರೆಗೆ
ಮದ್ರಸದ ಜಗಲಿಯಲ್ಲಿ.

ಒಂಬತ್ತನೇ ದಿನ, ಈಶಾನ್ಯದ ಮೂಲೆಯ ಕೆಳಗೆ
ಒಂದು ಕಲ್ಲಿನಲ್ಲಿ ಗುಳಿ ಕಂಡಿತು.
ಬಾಗಿಲ ತಿರುಗುಣಿ ಕೂರುವ ಗುಳಿ, ಸವೆದು ನುಣ್ಣಗಾಗಿತ್ತು.
ಆ ಮೂಲೆಯಲ್ಲಿ ಬಾಗಿಲಿರಲಿಲ್ಲ.
ಎಂದೂ ಇರಲಿಲ್ಲ, ನಕಾಶೆ ನನ್ನ ಕೈಯಲ್ಲೇ ಇತ್ತು.
ಮೇಸ್ತ್ರಿ ಗುಳಿಯೊಳಗೆ ಹೆಬ್ಬೆರಳಿಟ್ಟು ತಿರುಗಿಸಿ ನೋಡಿದ.
'ಇದು ಇಲ್ಲಿಗೂ ಬೇರೆಲ್ಲಿಂದಲೋ ಬಂದದ್ದು.'
ಯಾರ ಮನೆಯದೋ, ಯಾವ ಉಗ್ರಾಣದ್ದೋ,
ಅದನ್ನು ನೂಕಿ ಒಳಬಂದವರು ಯಾರೋ.
ನಾಲ್ವರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.
ಬಾಗಿ ಚೊಂಬು ತಂದು ಅದಕ್ಕೆ ನೀರು ಹಾಕಿದಳು,
ದೂರದಿಂದ ನಡೆದು ಬಂದವರ ಕಾಲಿಗೆ ಹಾಕುವಂತೆ.

ಕೊನೆಗೆ ಅಳತೆಪುಸ್ತಕ.
'ಹೊಸ ಕಲ್ಲು' ಎಂಬ ಸಾಲಿನಲ್ಲಿ
ಸೊನ್ನೆ ಬರೆದು ಸಹಿ ಹಾಕಿದೆ.
ಮೂರು ವಾರಕ್ಕೆ ಆಡಿಟಿನಿಂದ ಕಾಗದ:
ಕಲ್ಲಿಲ್ಲದೆ ಗೋಡೆ ಹೇಗೆ ಎದ್ದಿತು?
ಒಂದು ದಿನದ ಕೆಲಸಕ್ಕೆ ಹದಿನೇಳು ದಿನದ ಕೂಲಿ ಯಾಕೆ?
ವಿವರಣೆ ಕೊಡತಕ್ಕದ್ದು.

ವಿವರಣೆಯ ಕಾಲಂ ಎರಡಿಂಚು.
ಅದರಲ್ಲಿ ಗುಡ್ಡೆ ಹಿಡಿಯುವುದಿಲ್ಲ,
ಈ ವರ್ಷ ಯಂತ್ರದ ಬಾಯಿಗೆ ಸಿಗದೆ ಉಳಿದ ಹದಿನಾರು ಕೋಲು ಗುಡ್ಡೆ,
ಅದರ ಮೇಲಿನ ಮುಳಿಹುಲ್ಲು, ಕುಂಟಾಲದ ಪೊದೆ,
ಮಳೆ ಕುಡಿದು ಕೆಳಗಿನ ಸುರಂಗಕ್ಕೆ
ಮೇ ತಿಂಗಳವರೆಗೂ ತೊಟ್ಟುತೊಟ್ಟಾಗಿ ಇಳಿಸುವ
ಅದರ ನಿಧಾನ.
ಹಿಡಿದದ್ದು ಇಷ್ಟೇ:
'ಗೋಡೆ ಇತ್ತು. ಗೋಡೆ ಇದೆ.'
ಮೇಸ್ತ್ರಿಯ ಬಿಲ್ಲು ಇನ್ನೂ ಯಾರದೋ ಮೇಜಿನ ಮೇಲಿದೆ.

ಗುಳಿಯ ಕಲ್ಲನ್ನು ಅವನು ಈ ಸಲ
ಮುಖ ಹೊರಗೆ ಮಾಡಿ ಕೂರಿಸಿದ್ದಾನೆ,
ಮಕ್ಕಳ ಎತ್ತರಕ್ಕೆ.
ಮೊನ್ನೆ ಹೋದಾಗ ಅದರೊಳಗೆ
ಒಂದು ಬಳಪದ ಚೂರು, ಎರಡು ಮಂಜೊಟ್ಟಿ,
ಯಾರೋ ಅರ್ಧ ತಿಂದು ಇಟ್ಟುಹೋದ ಬೆಲ್ಲ.
ಇರುವೆಗಳಿಗೆ ಆಗಲೇ ದಾರಿ ಗೊತ್ತಾಗಿತ್ತು.