ಅಲುಗಾಡಬೇಡಿ

ಮೈಯಲ್ಲಿ ಎಲ್ಲಾದರೂ ಲೋಹ ಇದೆಯಾ?
ದಿನಕ್ಕೆ ಹನ್ನೆರಡು ಸಲ ಕೇಳುವ ಪ್ರಶ್ನೆ.
ಹಿಲ್ಡೂರ್ ಲಾಂಟ್ಟೊ ನಕ್ಕಳು:
'ಕಿರುನಾದವಳು ನಾನು. ಮೂವತ್ತೊಂದು ವರ್ಷ
ಗಣಿಯ ಕ್ಯಾಂಟೀನಿನಲ್ಲಿ ಸೂಪು ಬಡಿಸಿದ್ದೇನೆ.
ಅದಿರಿನ ಪುಡಿ ಬೀಳದ ಒಂದು ತಟ್ಟೆ ತೋರಿಸು.'

ಕಿವಿಯೋಲೆ ಕಳಚಿ, ಗಡಿಯಾರ ಕಳಚಿ,
ಬೆರಳಿಗೆ ಕಚ್ಚಿದ ಉಂಗುರಕ್ಕೆ ಸೋಪು ಹಚ್ಚಿ ಎಳೆದಳು.
ಬರಲಿಲ್ಲ. ಚಿನ್ನ ತಾನೆ, ಇರಲಿ ಅಂದೆ.
ತಲೆಗೆ ಪಂಜರ ಹಾಕಿ, ಕೈಗೆ ರಬ್ಬರಿನ ಉಂಡೆ ಕೊಟ್ಟು
'ಹೆದರಿಕೆಯಾದರೆ ಇದನ್ನು ಒತ್ತಿ.
ಇಪ್ಪತ್ತೈದು ನಿಮಿಷ, ಅಲುಗಾಡಬೇಡಿ.'

'ಯಾರಿಗೆ ಹೇಳ್ತಿದ್ದೀಯ ಮಗಳೇ,
ಊರನ್ನೇ ಎತ್ತಿ ಆಚೆ ಇಟ್ಟಾಯ್ತು!'

ನಿಜ. ಅಡಿಯಿಂದ ಕಬ್ಬಿಣ ತೆಗೆದು ತೆಗೆದು
ನೆಲ ಬಿರಿದು, ಬಿರುಕು ಒಂದೊಂದೇ ಬೀದಿ ಹತ್ತಿರ ಬಂದು
ಊರು ಪೂರ್ವಕ್ಕೆ ಗುಳೆ ಹೋಯಿತು.
ಮರದ ಚರ್ಚು ಗಾಲಿಗಳ ಮೇಲೆ, ಎರಡು ದಿನ,
ಮಗುವಿನ ನಡಿಗೆಗಿಂತ ನಿಧಾನ.

ಅವಳ ಕಾಗದದಲ್ಲಿ ಹೀಗಿದೆ:
ಮನೆಯ ದಾರಿ ತಪ್ಪಿದ್ದು ಮೂರು ಸಲ.
ಪುರಭವನ ಎಲ್ಲಿದೆ ಎಂದು ವೈದ್ಯರು ಕೇಳಿದರೆ
ಈಗ ಬೇಲಿ ಹಾಕಿದ ಬಯಲಿನ ಕಡೆ ಬೆರಳು ತೋರಿದಳು.
ಒಂದು ಅಂಕ ಕಳೆದರು.
ಕಳೆಯಬಾರದಿತ್ತು ಅನಿಸಿತು ನನಗೆ.

ಯಂತ್ರ ಶುರುವಾಯಿತು. ಟಕಟಕ, ಗರಗರ, ಮತ್ತೆ ಬಡಬಡ.
ಗಟ್ಟಿಗರೂ ಉಂಡೆ ಹಿಸುಕುವ ಸದ್ದು.
ಮುದುಕಿ ನಿದ್ದೆ ಹೋದಳು.
ರಾತ್ರಿ ಒಂದೂವರೆಗೆ ಗಣಿ ಸಿಡಿದು
ಮಂಚ ನಡುಗುವ ಊರಲ್ಲಿ
ಎಪ್ಪತ್ತಾರು ವರ್ಷ ಮಲಗಿ ಎದ್ದವಳು.

ಗಾಜಿನೀಚೆ ನಾನು, ಆರಿದ ಕಾಫಿ.
ಪರದೆಯ ಮೇಲೆ ಎರಡು ತಲೆ:
ಎರಡು ವರ್ಷದ ಹಿಂದಿನದು, ಇವತ್ತಿನದು.
ಕಿವಿಯ ಒಳಮಗ್ಗುಲಲ್ಲಿ ಒಂದು ಸಣ್ಣ ಸುರುಳಿ,
ಕಿರುಬೆರಳಿನಷ್ಟು. ದಾರಿಗಳ ಲೆಕ್ಕ ಇಡುವುದು ಅದೇ.
ಸುತ್ತ ನೀರು ನಿಂತ ಕಪ್ಪು
ಆಗ ಉಗುರಿನ ಗೀರು;
ಈಗ ಬಾಗಿಲ ಸಂದು.

ಅಳೆಯುವುದು ಬೇರೆಯವರ ಕೆಲಸ.
ಅರ್ಥ ಹೇಳುವುದು ಇನ್ನೂ ಬೇರೆಯವರದು.
'ರೋಗಿ ಅಲುಗಿಲ್ಲ, ಚಿತ್ರ ಸ್ಪಷ್ಟ.'
ನಾನು ಬರೆಯಬಹುದಾದದ್ದು ಇಷ್ಟೇ.

ಎಬ್ಬಿಸಿದೆ. ಬೂಟಿನ ದಾರ ಕಟ್ಟುತ್ತಾ ಕೇಳಿದಳು:
'ಕಂಡಿತಾ?'
ಚೆನ್ನಾಗಿ ಬಂದಿದೆ ಅಂದೆ.
ಕ್ಯಾಂಟೀನಿನವರು ಮುಖ ಓದುತ್ತಾರೆ;
ಉಪ್ಪು ಕಮ್ಮಿ ಅಂತ ಯಾವ ಗಣಿಗಾರ ಬಾಯಿ ಬಿಟ್ಟು ಹೇಳಿದ್ದಾನೆ?
ಅರೆಗಳಿಗೆ ನನ್ನನ್ನೇ ನೋಡಿ
'ಬಿರುಕು ಯಾವ ಬೀದಿಯವರೆಗೆ ಬಂದಿದೆ?' ಅಂದಳು.

ಅವಳ ಕೋಟು ಹಿಡಿದು ನಿಂತೆ.
ಒಂದು ತೋಳು ತೂರಿಸಿದಳು. ಇನ್ನೊಂದಕ್ಕೆ ತಡವಿದಳು.

ಕಿರುನಾ ಬಸ್ಸು ಮೂರು ಹತ್ತಕ್ಕೆ.
ಹಳೆಯ ನಿಲ್ದಾಣಕ್ಕೋ ಹೊಸದಕ್ಕೋ,
ನಾನೂ ಬೋರ್ಡು ನೋಡಿಯೇ ಹೇಳಬೇಕಾಯಿತು.