ಷರಾ

ಹನ್ನೊಂದರ ಸಭೆ ಹನ್ನೆರಡಕ್ಕೆ ಶುರುವಾಯಿತು.
ದೇರಳಕಟ್ಟೆ ದಾಟಿದ ಗುಡ್ಡದಲ್ಲಿ ಸಿಡಿಲಿಗೆ ಕರೆಂಟು ಹೋಗಿ, ಬಂದು,
ಪರದೆಯ ಮೇಲೆ ಮತ್ತೆ ಮೊದಲಿನಿಂದ ತೆರೆದುಕೊಂಡಿತು
ಹಳೆಯ ತಂತ್ರಾಂಶ ಬಿಟ್ಟು ಹೊಸತಕ್ಕೆ ದಾಟುವ ಯೋಜನೆ:
ಇಪ್ಪತ್ತಾರು ವಿಭಾಗ, ಗ್ರಂಥಾಲಯ, ಮೂರು ಹಾಸ್ಟೆಲು,
ಪರೀಕ್ಷಾ ಶಾಖೆ, ಅಂದರೆ ನಾನು,
ಹಳದಿ ಹಸಿರು ಪಟ್ಟಿಗಳಲ್ಲಿ ಹದಿನೆಂಟು ತಿಂಗಳು.

ದಿನ ಗೊತ್ತು ಮಾಡುವುದಕ್ಕೇ ಒಂದು ತಾಸು.
ಸೆಪ್ಟೆಂಬರ್ ಎಂಟು ಆಗದು, ಮೊಂತಿ ಹಬ್ಬ, ಎಂದರು ಲಿಲ್ಲಿ ಮೊಂತೇರೊ.
ಫೆಬ್ರವರಿಗೆ ನೋಂಬು, ನವೆಂಬರಿಗೆ ಫಲಿತಾಂಶ.
ಹಾಗಾದರೆ ಜುಲೈ ಕೊನೆ, ಎಂದಿತು ಯಾರದೋ ಸ್ವರ.
ಆಟಿಯಲ್ಲಿ ಒಳ್ಳೆಯ ಕೆಲಸ ಶುರು ಮಾಡುವುದುಂಟಾ?
ಕೇಳಿದವರು ಸ್ವತಃ ಕುಲಸಚಿವರು. ಕೇಳಿ, ಕನ್ನಡಕ ಒರೆಸಿಕೊಂಡರು.
ಕಂಪೆನಿಯ ಹುಡುಗ, ಪುಣೆಯವನು,
ಅಪಾಯಗಳ ಪಟ್ಟಿಯಲ್ಲಿ ಬರೆದುಕೊಂಡ: ಆಟಿ.

ಆಮೇಲೆ, ಕಡೆಯ ಹೆಸರು ಕಡ್ಡಾಯ, ಅಂದ.
ಕೆಂಪು ನಕ್ಷತ್ರ. ಖಾಲಿ ಬಿಟ್ಟರೆ ಮುಂದಕ್ಕೆ ಹೋಗದು.
ಬರೀ ಐತಪ್ಪ, ಬರೀ ಚನಿಯ, ಬರೀ ನೆಬಿಸ,
ಇನಿಷಿಯಲ್ಲು ಮುಂದೆ ಕಟ್ಟಿಕೊಂಡವರು, ಹಿಂದೆ ಕಟ್ಟಿಕೊಂಡವರು,
ಡಿಸೋಜ ಎಂದು ಐದು ಬಗೆಯಲ್ಲಿ ಬರೆಯುವ ಒಂದೇ ಮನೆಯವರು,
ಎಲ್ಲರೂ ನಕ್ಷತ್ರದ ಕೆಳಗೆ ಸಾಲು ನಿಂತರು.
ಅಪ್ಪನ ಹೆಸರು ಹಾಕಿಬಿಡೋಣ, ಅಂದ.
ಅಳಿಯಕಟ್ಟಿನ ಊರು ಮಾರಾಯಾ ಇದು, ಎಂದರು ಆಳ್ವರು,
ಚಾ ಬಂತು.

ಇನ್ನೂರ ಹನ್ನೆರಡನೆಯ ಸಾಲು: ಷರಾ.
ಹೊಸತರಲ್ಲಿ ಅದಕ್ಕೆ ಜಾಗವಿಲ್ಲ.
ಇದನ್ನು ಬಿಡೋಣ, ಬರೀ ಕಸ, ಎಂದು ತೆರೆದು ತೋರಿಸಿದ:
ಪೌಂಡಿನ ಗುರುತು, ಮುರಿದ ಭಿನ್ನರಾಶಿ,
ತಲೆಗೆ ಟೊಪ್ಪಿಯಿಟ್ಟ ಇಂಗ್ಲಿಷಿನ ಎ-ಗಳು, ಸಾಲು ಸಾಲು.
ಎಲ್ಲರೂ ನಕ್ಕರು. ನಾನೂ ನಕ್ಕೆನೇನೋ.

ಐದೂ ಮುಕ್ಕಾಲರ ಬಸ್ಸಿಗೆ ಎಲ್ಲರೂ ಇಳಿದ ಮೇಲೆ
ಮೂಲೆಯ ಕಂಪ್ಯೂಟರು ಹಾಕಿದೆ.
ಹಳೆಯ ಕನ್ನಡ ಫಾಂಟು ಈಗ ಅದರಲ್ಲಿ ಮಾತ್ರ ಉಂಟು.
ಟೊಪ್ಪಿಗಳು ಕಳಚಿದವು,
ಒತ್ತಕ್ಷರ ಕೆಳಗಿಳಿಯಿತು, ದೀರ್ಘ ತನ್ನ ಜಾಗ ಹಿಡಿಯಿತು,
ಸಂಕಪ್ಪಣ್ಣ ಎದುರು ಕುರ್ಚಿಯಲ್ಲಿ ಕೂತು ಹೇಳಿದ ಹಾಗೆ:

ತಂದೆ ಬೋಟಿನಲ್ಲಿ. ಬಂದ ಮೇಲೆ ಶುಲ್ಕ. ದಂಡ ಬೇಡ.
ಅಂಕಪಟ್ಟಿ ಮನೆಗೆ ಕಳಿಸಬಾರದು. ಅವಳೇ ಬಂದು ಒಯ್ಯುತ್ತಾಳೆ.
ಕುಡಿದು ಬಂದಿದ್ದ. ನಾಳೆ ಬಾ ಎಂದೆ. ಬಂದ.
ಆದಾಯ ಪತ್ರ ಇಲ್ಲ. ತಾಯಿಯ ಬೀಡಿ ಪುಸ್ತಕ ನೋಡಿದ್ದೇನೆ, ಸಾಕು.
ಫೋಟೋದಲ್ಲಿ ಇರುವುದು ಇವನ ಅಣ್ಣ. ಸರಿಪಡಿಸಿದೆ. ಯಾರಿಗೂ ಹೇಳಿಲ್ಲ.

ಇಪ್ಪತ್ತೆರಡು ವರ್ಷ. ಒಂದೊಂದು ಹೆಸರಿನ ಬದಿಗೂ
ನೂರಿಪ್ಪತ್ತು ಅಕ್ಷರಗಳಷ್ಟು ಜಾಗ,
ಅದರಲ್ಲೇ ಹಿಡಿಸಿ, ಒಂದು ಪೂರ್ಣವಿರಾಮವನ್ನೂ ಬಿಡದೆ.
ನನ್ನ ನೋಂದಣಿ ಸಂಖ್ಯೆ ನನಗಿನ್ನೂ ಬಾಯಿಪಾಠ.
ಹಾಕಿ ನೋಡಲಿಲ್ಲ.

ಒಯ್ಯುವುದೂ ಸರಿಯಲ್ಲ ಇವನ್ನು.
ಹೊಸತರಲ್ಲಿ ಯಾರೋ ಗುಂಡಿಯೊಂದನ್ನು ತಪ್ಪಿ ಒತ್ತಿದರೆ
ಆ ಹುಡುಗಿಯ ಅಂಕಪಟ್ಟಿಯ ಸುದ್ದಿ ಗುಡ್ಡವಿಡೀ ಓದೀತು.
ಬಿಡುವುದು ಅಂದರೂ,
ಬೋಟಿನಿಂದ ಆ ತಂದೆ ಬಂದರೋ ಇಲ್ಲವೋ
ಎಂದು ಕೇಳಿದವನೊಬ್ಬ ಇದ್ದ ಎಂಬುದೂ ಹೋಗುತ್ತದೆ.
ಯೋಜನೆಯ ಹಾಳೆಯಲ್ಲಿ ಎರಡೇ ಆಯ್ಕೆ:
ಒಯ್ಯು. ಬಿಡು.

ಬೀಗದ ಗೊಂಚಲು ಹಿಡಿದು ಗಿಲ್ಬರ್ಟ್ ಬಂದ.
ಹೊರಗೆ ಗೇರುಮರದ ಆಚೆ ನೇತ್ರಾವತಿಯ ಕಡೆ ಮತ್ತೆ ಗುಡುಗು.
ಮೂಲೆಯದ್ದನ್ನು ಹರಾಜಿಗೆ ಹಾಕುವುದಂತೆ, ಹೌದಾ? ಎಂದ.
ಇನ್ನೂರ ಹನ್ನೆರಡನ್ನು ಹಾಗೆಯೇ ಖಾಲಿ ಬಿಟ್ಟು
ಹಾಳೆಯ ಚೂರೊಂದನ್ನು ಹರಿದೆ, ಪೆನ್ನಿನಲ್ಲೇ ಬರೆದೆ,
ಆ ಕಂಪ್ಯೂಟರಿನ ಹಣೆಗೆ ಅಂಟಿಸಿದೆ:

ಕೆಟ್ಟಿಲ್ಲ. ಆರಿಸಬೇಡಿ. ಕೇಳುವುದಿದ್ದರೆ ನನ್ನ ಹತ್ತಿರ ಕೇಳಿ.